ಬೆಹಿಸ್ತೂನಿನ ಬಂಡೆಯೂ ನಮ್ಮ ಬಂದೋಬಸ್ತೂ

'ಹಫ್ತಾ ವಸೂಲಿ ಮಾಡುತ್ತಿದ್ದ ಇಬ್ಬರ ದಸ್ತಗಿರಿ. ಬಜಾರಿನಲ್ಲಿ ಬಿಗಿ ಬಂದೋಬಸ್ತು.' ಇಂಥ ಸುದ್ದಿ ಯಾವುದಾದರೊಂದು ಊರಿನ ಹೆಸರು ಹೊತ್ತು ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ನಾವು ಓದಿ ಪುಟ ತಿರುವುತ್ತೇವೆ. ಈ ಒಂದು ಸಾಲಿನಲ್ಲಿರುವ ಹಫ್ತಾ, ದಸ್ತಗಿರಿ, ಬಜಾರು, ಬಂದೋಬಸ್ತು ಎಂಬ ನಾಲ್ಕು ಮಾತುಗಳೂ ಫಾರಸಿ, ಅಂದರೆ ಪರ್ಷಿಯನ್ ಭಾಷೆಯವು. 'ವಸೂಲಿ' ಅರಬ್ಬಿ ಮೂಲದ್ದಾದರೂ ಅದು ಕೂಡ ಫಾರಸಿಯ ಬೆನ್ನೇರಿಯೇ ನಮ್ಮಲ್ಲಿಗೆ ಬಂದದ್ದು.

ಇವೆಲ್ಲ ಸುಲ್ತಾನರ ಕಾಲದಲ್ಲಿ ಹೊರಗಿನಿಂದ ಬಂದ ಮಾತುಗಳು, ನಮ್ಮ ಪ್ರಾಚೀನ ಭಾಷೆಗಳಿಗೂ ಇವಕ್ಕೂ ಏನೂ ಸಂಬಂಧವಿಲ್ಲ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಆದರೆ ಈ ಮಾತುಗಳನ್ನು ಸ್ವಲ್ಪ ಬಿಡಿಸಿ ನೋಡಿ. ದಸ್ತಗಿರಿಯಲ್ಲಿರುವ 'ದಸ್ತ್' ಎಂದರೆ ಕೈ. ಅದು ಸಂಸ್ಕೃತದ 'ಹಸ್ತ'ದ ಸೋದರ. ಜೊತೆಗಿರುವ 'ಗೀರ್' ಎಂದರೆ ಹಿಡಿಯುವುದು. ಅದು 'ಗ್ರಹಿಸು' ಎಂಬುದರಲ್ಲಿರುವ ಧಾತುವಿನ ಸೋದರ. ದಸ್ತಗಿರಿ ಎಂದರೆ ಅಕ್ಷರಶಃ ಹಸ್ತಗ್ರಹಣ! ಬಂದೋಬಸ್ತಿನಲ್ಲಿ 'ಬಂದ್' ಮತ್ತು 'ಬಸ್ತ್' ಎಂಬ ಎರಡು ರೂಪಗಳಿವೆ, ನಡುವಿನ 'ಓ' ಎಂದರೆ 'ಮತ್ತು'. ಸಂಸ್ಕೃತದಲ್ಲಿ ಹೇಳುವುದಾದರೆ ಬಂಧ ಮತ್ತು ಬದ್ಧ. ಹಫ್ತಾದ 'ಹಫ್ತ್' ಎಂದರೆ ಏಳು, ನಮ್ಮ 'ಸಪ್ತ'. ವಾರಕ್ಕೊಮ್ಮೆ ಕೊಡುವ ಹಣ ಹಫ್ತಾ ಆಯಿತು. ರೌಡಿಯ ಹಫ್ತಾಕ್ಕೂ ನೀವೀಗ ಓದುತ್ತಿರುವ ಸಾಪ್ತಾಹಿಕ ಪುಟಕ್ಕೂ ಹೀಗೊಂದು ದೂರದ ನಂಟುಂಟು.

ಇದನ್ನು ಕಂಡುಹಿಡಿದದ್ದು ಯಾರು? ಬರಿಯ ಉಚ್ಚಾರದ ಹೋಲಿಕೆ ಕಂಡು ಹೇಳಿದ ಮಾತೇ ಇದು, ಅಥವಾ ಗಟ್ಟಿಯಾದ ಪುರಾವೆ ಇದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಸುಮಾರು ಒಂದು ಶತಮಾನ ಬೇಕಾಯಿತು. ಆ ಹುಡುಕಾಟದಲ್ಲಿ ಕವಿಗಳಿದ್ದರು, ಸಿಪಾಯಿಗಳಿದ್ದರು, ಒಬ್ಬ ಶಾಲಾ ಮೇಷ್ಟರಿದ್ದರು, ಹೆಸರು ಸಿಗದ ಒಬ್ಬ ಕುರ್ದ್ ಹುಡುಗನೂ ಇದ್ದ.

ದಖ್ಖನಿನ ನಿಘಂಟು, ದೆಹಲಿಯ ಕವಿ

ಫಾರಸಿ ನಮ್ಮ ನಾಡಿಗೆ ಬಂದದ್ದು ಆಡಳಿತದ ಭಾಷೆಯಾಗಿ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿದಂದಿನಿಂದ ಬೀದರ, ವಿಜಯಪುರದ ಆಸ್ಥಾನಗಳಲ್ಲಿ ಅದು ಮೆರೆಯಿತು. ಬೀದರಿನಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. ಫರಿಶ್ತಾ ತನ್ನ ಹೆಸರಾಂತ ಇತಿಹಾಸ ಗ್ರಂಥವನ್ನು ಫಾರಸಿಯಲ್ಲಿ ಬರೆದದ್ದು ಆದಿಲ್ ಶಾಹಿಗಳ ಬಿಜಾಪುರದಲ್ಲಿ. ಊರಿನ ಲೆಕ್ಕವನ್ನು ಕುಲಕರ್ಣಿ, ಶಾನುಭೋಗರು ತಮ್ಮ ಭಾಷೆಯಲ್ಲೇ ಬರೆದರೂ ಆ ಲೆಕ್ಕ ಮೇಲಿನ ಕಚೇರಿಗೆ ಮುಟ್ಟಬೇಕಾದರೆ ಜಮೀನು, ದಫ್ತರು, ಗುಮಾಸ್ತ, ಸರಕಾರ ಎಂಬ ಮಾತುಗಳು ಬೇಕೇ ಬೇಕಾದವು. ಈಸ್ಟ್ ಇಂಡಿಯಾ ಕಂಪನಿ ಕೂಡ 1837ರ ಕಾನೂನಿನವರೆಗೆ ಉತ್ತರದ ತನ್ನ ನ್ಯಾಯಾಲಯಗಳಲ್ಲಿ ಫಾರಸಿಯನ್ನೇ ನಡೆಸಿಕೊಂಡು ಬಂತು.

ಹೀಗಾಗಿ ಫಾರಸಿಯ ಶಬ್ದಗಳನ್ನು ಕುರಿತ ಪಾಂಡಿತ್ಯದ ದೊಡ್ಡ ಪಾಲು ಬೆಳೆದದ್ದು ಇರಾನಿನಲ್ಲಲ್ಲ, ಭಾರತದಲ್ಲಿ. ಅದು ಮನೆಮಾತಲ್ಲದ ಕಡೆ ನಿಘಂಟಿನ ಅಗತ್ಯ ಹೆಚ್ಚು. 1651-52ರಲ್ಲಿ ಗೋಲ್ಕೊಂಡದ ಕುತುಬ್ ಶಾಹಿ ಅರಸನ ಆಶ್ರಯದಲ್ಲಿ ಮುಹಮ್ಮದ್ ಹುಸೇನ್ ತಬ್ರೀಜಿ ರಚಿಸಿದ 'ಬುರ್ಹಾನ್-ಎ-ಕಾತೆ' ಎಂಬ ನಿಘಂಟು ಮುಂದೆ ಇಡೀ ಫಾರಸಿ ಜಗತ್ತಿನಲ್ಲಿ ಬಳಕೆಗೆ ಬಂತು. ಅದರ ಕಥೆಗೆ ಮತ್ತೆ ಬರೋಣ.

ಫಾರಸಿಗೂ ಸಂಸ್ಕೃತಕ್ಕೂ ಇರುವ ಹೋಲಿಕೆಯನ್ನು ಗಮನಿಸಿ ಬರೆದಿಟ್ಟವರಲ್ಲಿ ಮೊದಲಿಗನೆಂದು ಹೇಳಬೇಕಾದವನು ಸಿರಾಜುದ್ದೀನ್ ಅಲಿ ಖಾನ್ ಆರ್ಜೂ. ದೆಹಲಿಯ ದೊಡ್ಡ ಫಾರಸಿ ಕವಿ, ನಿಘಂಟುಕಾರ, 1756ರಲ್ಲಿ ತೀರಿಕೊಂಡ. 'ಮುಸ್ಮಿರ್' ಎಂಬ ತನ್ನ ಗ್ರಂಥದಲ್ಲಿ ಆತ ಫಾರಸಿಗೂ ಹಿಂದದ ಭಾಷೆಗೂ ಇರುವ ಈ ಸಮಾನತೆಗೆ 'ತವಾಫುಖ್' ಎಂಬ ಹೆಸರು ಕೊಟ್ಟು, ಇದನ್ನು ತನಗಿಂತ ಮುಂಚೆ ಯಾರೂ ಗುರುತಿಸಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ತನ್ನ ಪ್ರಸಿದ್ಧ ಭಾಷಣ ಮಾಡುವುದಕ್ಕೆ ಇನ್ನೂ ಮೂವತ್ತು ವರ್ಷವಿತ್ತು. ಆದರೆ ಆರ್ಜೂ ಹೋಲಿಕೆಯನ್ನು ಕಂಡನೇ ಹೊರತು, ಎರಡೂ ಒಂದೇ ತಾಯಿಯ ಮಕ್ಕಳು ಎಂಬ ತೀರ್ಮಾನಕ್ಕೆ ಹೋಗಲಿಲ್ಲ.

ಸೂರತ್ತಿನ ಹಸ್ತಪ್ರತಿಗಳು

ಅಷ್ಟರಲ್ಲಿ ಇನ್ನೊಂದು ದಾರಿಯಿಂದ ಒಬ್ಬ ಫ್ರೆಂಚ್ ತರುಣ ಭಾರತಕ್ಕೆ ಬಂದಿದ್ದ. ಅವನ ಹೆಸರು ಆಂಕೆಟಿಲ್ ದ್ಯುಪೆರಾಂ. ಪ್ಯಾರಿಸ್ಸಿನಲ್ಲಿ ಅವೆಸ್ತಾದ ನಾಲ್ಕು ಹಾಳೆಗಳ ನಕಲನ್ನು ಕಂಡು, ಆ ಲಿಪಿಯನ್ನು ಓದುವವರು ಯುರೋಪಿನಲ್ಲಿ ಯಾರೂ ಇಲ್ಲವೆಂದು ತಿಳಿದು, ಪ್ರಯಾಣಕ್ಕೆ ಬೇರೆ ದಾರಿ ಕಾಣದೆ ಫ್ರೆಂಚ್ ಕಂಪನಿಯ ಸಿಪಾಯಿಯಾಗಿ ಹೆಸರು ಹಚ್ಚಿಕೊಂಡು ಹೊರಟವನು. 1755ರಲ್ಲಿ ಪುದುಚೇರಿಗೆ ಬಂದಿಳಿದ ಈತ 1758ರಿಂದ 1761ರವರೆಗೆ ಸೂರತ್ತಿನಲ್ಲಿದ್ದು, ಪಾರ್ಸಿ ಪುರೋಹಿತರಿಂದ ಅವೆಸ್ತಾ ಕಲಿತ. ಹಿಂದಿರುಗುವಾಗ ಅವನೊಡನೆ 180 ಹಸ್ತಪ್ರತಿಗಳಿದ್ದವು. ಅವೆಸ್ತಾದ ಅವನ ಅನುವಾದ 1771ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಆಕ್ಸ್‌ಫರ್ಡಿನ ಇಪ್ಪತ್ತೈದರ ಹರೆಯದ ವಿಲಿಯಂ ಜೋನ್ಸ್ ಫಾರಸಿ ವ್ಯಾಕರಣವನ್ನು ಪ್ರಕಟಿಸಿದ. ಜೊತೆಗೆ ಫ್ರೆಂಚ್ ಭಾಷೆಯಲ್ಲೇ ಒಂದು ಕಟುವಾದ ಪತ್ರ ಬರೆದು, ಆಂಕೆಟಿಲ್ ತಂದಿರುವುದು ಜರತುಷ್ಟ್ರನ ಮಾತೇ ಅಲ್ಲ, ಅದೊಂದು ಕಪಟವೆಂದು ಗೇಲಿ ಮಾಡಿದ. ಮುಂದೆ ಇದೇ ಜೋನ್ಸ್ ಕಲ್ಕತ್ತೆಗೆ ನ್ಯಾಯಾಧೀಶನಾಗಿ ಬಂದು ಸಂಸ್ಕೃತ ಕಲಿತ. 1786ರ ಫೆಬ್ರುವರಿ 2ರಂದು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು, ಹಳೆಯ ಫಾರಸಿಯನ್ನೂ ಆ ಕುಟುಂಬಕ್ಕೆ ಸೇರಿಸಬಹುದು ಎಂದು ಸಾರಿದ. 1789ರಲ್ಲಿ ಪರ್ಷಿಯನ್ನರ ಬಗ್ಗೆ ಮಾತನಾಡುತ್ತ ಮತ್ತೊಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಯಿತು. ತಾನು ಹಿಂದೆ ಗೇಲಿ ಮಾಡಿದ್ದ ಆಂಕೆಟಿಲನ ಅವೆಸ್ತಾ ಶಬ್ದಪಟ್ಟಿಯನ್ನು ತಿರುವಿದರೆ ಹತ್ತರಲ್ಲಿ ಆರೇಳು ಶಬ್ದಗಳು ಸಂಸ್ಕೃತದವೇ ಆಗಿ ಕಂಡವು! ಇನ್ನೊಬ್ಬರ ದುಡಿಮೆಯನ್ನು ಹಳಿಯುವ ಮುನ್ನ ತಾಳ್ಮೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದರೂ ಒಂದು ಅನುಮಾನ ಉಳಿದಿತ್ತು. ಸೂರತ್ತಿನ ಹಸ್ತಪ್ರತಿಗಳು ಬಹಳ ಹಳೆಯವೇನಲ್ಲ. ಕೈಯಿಂದ ಕೈಗೆ ನಕಲಾಗಿ ಬಂದವು. ಶತಮಾನಗಳ ಕಾಲ ಯಾರೂ ತಿದ್ದದ, ಕಾಲ ಖಚಿತವಾಗಿ ಗೊತ್ತಿರುವ ಸಾಕ್ಷಿ ಬೇಕಿತ್ತು. ಅಂಥ ಸಾಕ್ಷಿ ಇರಾನಿನ ಪರ್ಸೆಪೊಲಿಸ್ ಅರಮನೆಯ ಗೋಡೆಗಳ ಮೇಲೆ, ಮೊಳೆಗಳನ್ನು ಜೋಡಿಸಿಟ್ಟಂತೆ ಕಾಣುವ ಗೀರುಗಳ ರೂಪದಲ್ಲಿ ಕಾದು ಕುಳಿತಿತ್ತು.

ಪಂಥ ಕಟ್ಟಿದ ಮೇಷ್ಟರು

ಈ ಮೊಳೆಲಿಪಿಯನ್ನು ಸರಿಯಾಗಿ ನಕಲು ಮಾಡಿಕೊಂಡವನು ಕಾರ್ಸ್ಟನ್ ನೀಬೂರ್. ಡೆನ್ಮಾರ್ಕಿನ ದೊರೆ ಅರೇಬಿಯಕ್ಕೆ ಕಳಿಸಿದ್ದ ತಂಡದಲ್ಲಿ ಬದುಕಿ ಉಳಿದ ಒಬ್ಬನೇ ಒಬ್ಬ. ಮುಂಬಯಿಯಿಂದ ಹಿಂದಿರುಗುತ್ತ 1765ರಲ್ಲಿ ಪರ್ಸೆಪೊಲಿಸ್ಸಿನಲ್ಲಿ ನಿಂತು ವಾರಗಟ್ಟಲೆ ಶಾಸನಗಳನ್ನು ಬರೆದುಕೊಂಡ. ಅಲ್ಲಿರುವುದು ಒಂದಲ್ಲ, ಮೂರು ಬಗೆಯ ಬರಹ. ಅವುಗಳಲ್ಲಿ ಒಂದರಲ್ಲಿ ಚಿಹ್ನೆಗಳು ಕಡಿಮೆ ಎಂದು ಗುರುತಿಸಿದವನೂ ಅವನೇ.

ಜರ್ಮನಿಯ ಗೊಟಿಂಗೆನ್ ಪಟ್ಟಣದಲ್ಲಿ ಗ್ರೋಟೆಫೆಂಡ್ ಎಂಬ ಇಪ್ಪತ್ತೇಳು ವರ್ಷದ ಶಾಲಾ ಮೇಷ್ಟರಿದ್ದರು. ಪೂರ್ವದೇಶದ ಭಾಷೆಗಳು ಅವರಿಗೆ ಹೆಚ್ಚೇನೂ ಬರುತ್ತಿರಲಿಲ್ಲ. ಗುಪ್ತಬರಹ ಬಿಡಿಸುವ ಹುಚ್ಚು ಮಾತ್ರ ಇತ್ತು. ಗೆಳೆಯನೊಬ್ಬನೊಡನೆ ಪಂಥ ಕಟ್ಟಿ 1802ರಲ್ಲಿ ಈ ಕೆಲಸಕ್ಕೆ ಕೈಹಾಕಿದರೆಂದು ಹೇಳುತ್ತಾರೆ. ಅವರು ಯೋಚಿಸಿದ ಕ್ರಮ ಪತ್ತೇದಾರಿ ಕಥೆಯಂತಿದೆ.

ಪರ್ಷಿಯದ ನಂತರದ ಅರಸರ ಶಾಸನಗಳನ್ನು ಫ್ರಾನ್ಸಿನ ಸಿಲ್ವೆಸ್ತ್ರ ದ ಸಾಸಿ ಆಗಲೇ ಓದಿದ್ದ. ಅವುಗಳಲ್ಲಿ 'ಇಂಥವನು, ಮಹಾರಾಜ, ರಾಜಾಧಿರಾಜ, ಇಂಥವನ ಮಗ' ಎಂಬ ಒಕ್ಕಣೆ ಇರುತ್ತಿತ್ತು. ಹಳೆಯ ಅರಸರೂ ಹೀಗೆಯೇ ಬರೆಸಿರಬೇಕಲ್ಲವೇ? ಮೇಷ್ಟರು ಎರಡು ಚಿಕ್ಕ ಶಾಸನಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಒಂದೇ ಶಬ್ದ ಎರಡರಲ್ಲೂ ಪದೇ ಪದೇ ಬರುತ್ತಿತ್ತು. ಅದು 'ರಾಜ' ಇರಬೇಕು. ಮೊದಲ ಶಾಸನದ ಅರಸನ ಹೆಸರು ಎರಡನೆಯದರಲ್ಲಿ ತಂದೆಯ ಜಾಗದಲ್ಲಿ, 'ರಾಜ' ಎಂಬ ಬಿರುದಿನೊಡನೆ ಬರುತ್ತಿತ್ತು. ಆದರೆ ಮೊದಲ ಶಾಸನದಲ್ಲಿ ಆ ಅರಸನ ತಂದೆಗೆ ಬಿರುದೇ ಇರಲಿಲ್ಲ. ಅಂದರೆ ಅಜ್ಜ ರಾಜನಲ್ಲ. ಮಗ, ಮೊಮ್ಮಗ ರಾಜರು.

ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕೊಟ್ಟಿರುವ ಪರ್ಷಿಯದ ವಂಶಾವಳಿಯಲ್ಲಿ ಇದಕ್ಕೆ ಹೊಂದುವವರು ಯಾರು? ಸೈರಸ್ ಮತ್ತು ಅವನ ಮಗ ಕಂಬೈಸಿಸ್ ಆಗುವಂತಿಲ್ಲ. ಗ್ರೀಕಿನಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರವೂ ಒಂದೇ, ಶಾಸನದಲ್ಲಿ ಬೇರೆ ಬೇರೆ. ಉಳಿದವರು ಹಿಸ್ಟಾಸ್ಪಿಸ್, ಅವನ ಮಗ ಡೇರಿಯಸ್, ಮೊಮ್ಮಗ ಕ್ಸರ್ಕ್ಸಿಸ್. ಹೆಸರುಗಳನ್ನು ಕೂರಿಸಿ ನೋಡಿದರೆ ಅಕ್ಷರಗಳು ಒಂದಕ್ಕೊಂದು ತಾಳೆಯಾದವು. ಎರಡು ಸಾವಿರ ವರ್ಷದ ಮೌನ ಮುರಿಯಿತು. ಆದರೆ ಗೊಟಿಂಗೆನ್ನಿನ ವಿದ್ವತ್ ಸಭೆ, ಪೌರ್ವಾತ್ಯ ಪಂಡಿತನಲ್ಲದ ಈ ಮೇಷ್ಟರ ಪ್ರಬಂಧವನ್ನು ಪೂರ್ತಿಯಾಗಿ ಅಚ್ಚು ಹಾಕಲು ಒಪ್ಪಲಿಲ್ಲ. ಅದು 1805ರಲ್ಲಿ ಇನ್ನೊಬ್ಬರ ಪುಸ್ತಕದ ಅನುಬಂಧವಾಗಿ ಬೆಳಕು ಕಂಡಿತು.

'ರಾಜ' ಎಂದು ಅವರು ಗುರುತಿಸಿದ ಶಬ್ದ 'ಖ್ಷಾಯಥಿಯ' ಎಂದು ನಂತರ ತಿಳಿಯಿತು. ಸಾವಿರ ವರ್ಷ ಬಾಯಿಂದ ಬಾಯಿಗೆ ಸವೆದು ಅದು 'ಶಾಹ್' ಆಯಿತು. ನಮ್ಮ ಬಾದಶಹ, ಆದಿಲ್ ಶಾಹಿಗಳಲ್ಲಿ ಉಳಿದಿರುವುದು ಅದೇ.

ಗ್ರೋಟೆಫೆಂಡರಿಗೆ ಸರಿಯಾಗಿ ಸಿಕ್ಕದ್ದು ಕೆಲವೇ ಅಕ್ಷರಗಳು. ಉಳಿದವನ್ನು ಬಿಡಿಸಲು ಸಂಸ್ಕೃತ ಬೇಕಾಯಿತು. ಮುಂಬಯಿಗೆ ಬಂದು ಪಾರ್ಸಿ ಹಸ್ತಪ್ರತಿಗಳನ್ನು ಸಂಗ್ರಹಿಸಿಕೊಂಡು ಹೋಗಿದ್ದ ಡೆನ್ಮಾರ್ಕಿನ ರಾಸ್ಕ್ 1826ರಲ್ಲಿ ಒಂದು ಸೂಕ್ಷ್ಮವನ್ನು ಹಿಡಿದ. 'ರಾಜರ ರಾಜ' ಎಂಬಲ್ಲಿ ಮೊದಲ ಶಬ್ದದ ಕೊನೆ '-ಆನಾಂ' ಎಂದಿರಬೇಕು ಎಂದ. ಶಾಲೆಯಲ್ಲಿ 'ರಾಮಃ ರಾಮೌ ರಾಮಾಃ' ಬಾಯಿಪಾಠ ಮಾಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ: ಷಷ್ಠೀ ವಿಭಕ್ತಿ ಬಹುವಚನ, 'ದೇವಾನಾಂ' ಎನ್ನುವಂತೆ. ಬಾನ್ ನಗರದ ಸಂಸ್ಕೃತ ಪಂಡಿತ ಲಾಸೆನ್ 1836ರಲ್ಲಿ ಇನ್ನೊಂದು ಗಂಟು ಬಿಡಿಸಿದ. ಈ ಲಿಪಿಯ ವ್ಯಂಜನಗಳಲ್ಲಿ ನಮ್ಮ ಲಿಪಿಗಳಂತೆಯೇ 'ಅ'ಕಾರ ಅಡಗಿದೆ ಎಂದು ತೋರಿಸಿದ. ಕನ್ನಡದ ಮಗು 'ಕ' ಎಂದು ಬರೆದಾಗ ಅದರೊಳಗೆ 'ಅ' ಇರುವಂತೆ, ಡೇರಿಯಸನ ಶಿಲ್ಪಿಯ ಬರಹದಲ್ಲೂ ಇತ್ತು.

ಏಣಿಯ ತುದಿಯಲ್ಲಿ ರಾಲಿನ್ಸನ್

ಚಿಕ್ಕ ಶಾಸನಗಳಲ್ಲಿ ಹೆಸರು, ಬಿರುದು ಬಿಟ್ಟರೆ ಹೆಚ್ಚಿನ ಮಾತುಗಳಿಲ್ಲ. ಭಾಷೆಯ ಸ್ವರೂಪ ತಿಳಿಯಲು ದೀರ್ಘವಾದ ಬರಹ ಬೇಕು. ಅದು ಸಿಕ್ಕಿದ್ದು ಪಶ್ಚಿಮ ಇರಾನಿನ ಕೆರ್ಮಾನ್‌ಷಾ ಪಟ್ಟಣದ ಬಳಿಯ ಬೆಹಿಸ್ತೂನ್ ಬೆಟ್ಟದಲ್ಲಿ. ಹೆದ್ದಾರಿಯ ಪಕ್ಕದ ಕಡಿದಾದ ಬಂಡೆಯ ಮೇಲೆ, ನೆಲದಿಂದ ಬಹಳ ಎತ್ತರದಲ್ಲಿ ಒಂದು ಉಬ್ಬುಶಿಲ್ಪವಿದೆ. ಅರಸನೊಬ್ಬ ಕೆಳಗೆ ಬಿದ್ದವನ ಎದೆಯ ಮೇಲೆ ಕಾಲಿಟ್ಟಿದ್ದಾನೆ. ಅವನೆದುರು ಕೈಗಳನ್ನು ಹಿಂದಕ್ಕೆ ಕಟ್ಟಿ, ಕುತ್ತಿಗೆಗೆ ಹಗ್ಗ ಬಿಗಿದ ಸೆರೆಯಾಳುಗಳ ಸಾಲು. 19ನೆಯ ಶತಮಾನದ ಆರಂಭದಲ್ಲಿ ಬಂದ ಒಬ್ಬ ಯಾತ್ರಿಕ ಇದನ್ನು ಏಸುವಿನ ಹನ್ನೆರಡು ಶಿಷ್ಯರೆಂದುಕೊಂಡ. ಇನ್ನೊಬ್ಬ ಸೆರೆಹೋದ ಇಸ್ರೇಲಿನ ಕುಲಗಳೆಂದ.

ಹೆನ್ರಿ ರಾಲಿನ್ಸನ್ 1827ರಲ್ಲಿ ಹದಿನೇಳರ ಹುಡುಗನಾಗಿ ಕಂಪನಿಯ ಸೇನೆ ಸೇರಿ ಮುಂಬಯಿಗೆ ಬಂದವನು. ಫಾರಸಿ ಕಲಿತದ್ದು ಇಲ್ಲಿಯೇ. 1835ರಲ್ಲಿ ಕೆರ್ಮಾನ್‌ಷಾಕ್ಕೆ ನೇಮಕವಾದಾಗಿನಿಂದ ಬಿಡುವು ಸಿಕ್ಕಾಗಲೆಲ್ಲ ಕುದುರೆಯೇರಿ ಬೆಹಿಸ್ತೂನಿಗೆ ಹೋಗುತ್ತಿದ್ದ. ಬರಹದ ಕೆಳಗೆ ಎರಡು ಗೇಣಿನಷ್ಟೇ ಅಗಲದ ಕಲ್ಲಿನ ಅಂಚು. ಅದರ ಮೇಲೆ ಏಣಿಯಿಟ್ಟು, ಏಣಿಯ ತುದಿಯ ಮೆಟ್ಟಿಲಲ್ಲಿ ನಿಂತು, ಎಡತೋಳನ್ನು ಬಂಡೆಗೆ ಆನಿಸಿ, ಅದೇ ಕೈಯಲ್ಲಿ ಪುಸ್ತಕ ಹಿಡಿದು, ಬಲಗೈಯಿಂದ ಒಂದೊಂದೇ ಅಕ್ಷರ ಬರೆದುಕೊಂಡ. ನಡುವೆ ಅಫ್ಘಾನ್ ಯುದ್ಧ ಬಂದು ಕಂದಹಾರಕ್ಕೆ ಹೋಗಬೇಕಾಯಿತು. ಮರಳಿ ಬಂದು 1844ರಲ್ಲಿ ಕೆಲಸ ಮುಂದುವರಿಸಿದ. 1846-47ರಲ್ಲಿ ಹಳೆಯ ಫಾರಸಿ ಪಾಠವನ್ನು ಅನುವಾದದೊಡನೆ ಪ್ರಕಟಿಸಿದ.

1847ರಲ್ಲಿ ಇನ್ನೂ ಕಷ್ಟದ ಜಾಗದಲ್ಲಿದ್ದ ಬ್ಯಾಬಿಲೋನಿ ಭಾಷೆಯ ಪಾಠದ ಅಚ್ಚು ತೆಗೆಯಬೇಕಾಯಿತು. ಸ್ಥಳೀಯರೇ ಹಿಂಜರಿದ ಆ ಜಾಗಕ್ಕೆ ಹೋದವನು ದೂರದಿಂದ ಬಂದ ಒಬ್ಬ ಕುರ್ದ್ ಹುಡುಗ. ಬಂಡೆಯ ಬಿರುಕಿಗೆ ಗೂಟ ಬಡಿದು, ಹಗ್ಗ ಕಟ್ಟಿ, ಕೈಬೆರಳು ಕಾಲ್ಬೆರಳುಗಳ ಹಿಡಿತದಲ್ಲೇ ನುಣುಪಾದ ಬಂಡೆಯನ್ನು ದಾಟಿ, ಒದ್ದೆ ಕಾಗದವನ್ನು ಅಕ್ಷರಗಳ ಮೇಲೆ ಒತ್ತಿ ಪಡಿಯಚ್ಚು ತೆಗೆದುಕೊಟ್ಟ. ರಾಲಿನ್ಸನ್ ಅವನ ಸಾಹಸವನ್ನು ಹೊಗಳಿ ಬರೆದಿದ್ದಾನೆ, ಹೆಸರನ್ನು ಮಾತ್ರ ಬರೆಯಲಿಲ್ಲ.

ಹಳೆಯ ಫಾರಸಿ ಪಾಠವೊಂದೇ 414 ಸಾಲು. ಕ್ರಿ.ಪೂ. 522ರ ಸುಮಾರಿಗೆ ಪಟ್ಟವೇರಿದ ಡೇರಿಯಸ್, ಒಂದು ವರ್ಷದಲ್ಲಿ ಹತ್ತೊಂಬತ್ತು ಯುದ್ಧ ಮಾಡಿ ಒಂಬತ್ತು ಅರಸರನ್ನು ಹಿಡಿದೆನೆಂದು ಅಲ್ಲಿ ಹೇಳಿಕೊಂಡಿದ್ದಾನೆ. ತನ್ನ ಹೆಸರನ್ನು ಆತ ಬರೆಸಿರುವುದು 'ದಾರಯವಉಶ್' ಎಂದು. 'ಒಳಿತನ್ನು ಧರಿಸಿದವನು' ಎಂದು ಅರ್ಥ. ಸಂಸ್ಕೃತದ 'ಧಾರಯ', 'ವಸು' ಎರಡೂ ಅದರಲ್ಲಿವೆ. ದಂಗೆಕೋರನೊಬ್ಬನನ್ನು ಹಿಡಿದು ತನ್ನ ಬಾಗಿಲಲ್ಲಿ ಕಟ್ಟಿಹಾಕಿದ್ದನ್ನು ವಿವರಿಸುವಾಗ ಬರುವ ಶಬ್ದಗಳನ್ನು ನೋಡಿ. ಬಾಗಿಲಿಗೆ 'ದುವರ', ಅದು ನಮ್ಮ ದ್ವಾರ. ಮುಂದೆ ಸವೆದು 'ದರ್' ಆಗಿ ದರ್ವಾಜೆ, ದರಬಾರುಗಳಲ್ಲಿ ಉಳಿದಿದೆ. ಎಲ್ಲರೂ ಎನ್ನುವುದಕ್ಕೆ 'ಹರುವ', ಅದು ಸರ್ವ. ಕಟ್ಟಿಹಾಕಲ್ಪಟ್ಟವನಿಗೆ 'ಬಸ್ತ'. ಪೊಲೀಸ್ ಬಂದೋಬಸ್ತಿನಲ್ಲಿರುವ 'ಬಸ್ತ್' ಹೀಗೆ 2500 ವರ್ಷದ ಹಿಂದೆ, ಕೈಕಟ್ಟಿಸಿಕೊಂಡ ಕೈದಿಗಳ ಚಿತ್ರದ ಪಕ್ಕದಲ್ಲೇ ಕಲ್ಲಿನಲ್ಲಿ ಕೂತಿದೆ.

ಹೋಲಿಕೆ ಸಾಲದು, ನಿಯಮ ಬೇಕು

ಇಷ್ಟಾದರೂ ಕೇಳಬಹುದು: ಇದೆಲ್ಲ ಕಾಕತಾಳೀಯ ಏಕಾಗಬಾರದು? ನ್ಯಾಯವಾದ ಪ್ರಶ್ನೆ. ಫಾರಸಿಯಲ್ಲಿ 'ಬದ್' ಎಂದರೆ ಕೆಟ್ಟ ಎಂದರ್ಥ. ಬದ್ಮಾಶ್, ಬದನಾಮಿಗಳಲ್ಲಿರುವುದು ಅದೇ. ಇಂಗ್ಲಿಷಿನಲ್ಲೂ 'ಬ್ಯಾಡ್' ಎಂದರೆ ಕೆಟ್ಟದ್ದೇ. ಆದರೂ ಈ ಎರಡು ಶಬ್ದಗಳಿಗೆ ಯಾವ ಸಂಬಂಧವೂ ಇಲ್ಲ. ಭಾಷಾವಿಜ್ಞಾನಿ ನೆಚ್ಚುವುದು ಹೋಲಿಕೆಯನ್ನಲ್ಲ, ತಪ್ಪದೆ ಮರಳಿ ಬರುವ ವ್ಯತ್ಯಾಸವನ್ನು.

ಸಂಸ್ಕೃತದಲ್ಲಿ ಸ್ವರದ ಹಿಂದೆ 'ಸ' ಇದ್ದರೆ ಇರಾನಿನ ಭಾಷೆಗಳಲ್ಲಿ ಆ ಜಾಗದಲ್ಲಿ 'ಹ' ಬರುತ್ತದೆ. ಸಪ್ತ ಹಫ್ತ್ ಆಗುತ್ತದೆ, ಮಾಸ ಮಾಹ್ ಆಗುತ್ತದೆ, ಅವೆಸ್ತಾದಲ್ಲಿ ಅಸುರ ಅಹುರ ಆಗುತ್ತದೆ, ಸೋಮ ಹವೊಮ ಆಗುತ್ತದೆ. ಹಾಗಾದರೆ ಹಸ್ತದ 'ಸ' ಫಾರಸಿಯ ದಸ್ತ್‌ನಲ್ಲಿ ಏಕೆ ಹಾಗೆಯೇ ಉಳಿಯಿತು? ಅದರ ಮುಂದೆ 'ತ' ಇದೆ. ಅಲ್ಲಿ 'ಸ' ಬದಲಾಗುವುದಿಲ್ಲ. ಸ್ಥಾನ ಎಂಬುದು ಹಿಂದೂಸ್ತಾನದಲ್ಲಿ 'ಸ್ತಾನ್' ಆಗಿ ಉಳಿದದ್ದೂ ಇದರಿಂದಲೇ. ಇನ್ನು ಹಸ್ತದ 'ಹ'ಕಾರ 'ದ' ಆದದ್ದು? ಬೆಹಿಸ್ತೂನಿನಲ್ಲಿ ಡೇರಿಯಸ್ 'ನಾನು' ಎನ್ನುವುದು 'ಅದಂ' ಎಂದು, ಸಂಸ್ಕೃತದಲ್ಲಿ 'ಅಹಂ'. ಹಸ್ತಕ್ಕೆ ದಸ್ತ ಹೇಗೋ ಅಹಂಗೆ ಅದಂ ಹಾಗೆ.

ಮಹಾಪ್ರಾಣದ ಕಥೆಯೂ ಇಂಥದೇ. ಘ, ಧ, ಭಗಳು ಫಾರಸಿಯಲ್ಲಿ ಗ, ದ, ಬಗಳಾಗುತ್ತವೆ. ಘರ್ಮ ಎಂದರೆ ಬಿಸಿ. ಅದು 'ಗರ್ಮ್' ಆಗಿ ನಮ್ಮ ಗರಂ ಮಸಾಲೆಗೆ ಬಂದಿದೆ. ಭ್ರಾತೃ 'ಬಿರಾದರ್' ಆಗಿದ್ದಾನೆ. ಧರಿಸು ಎಂಬ ಧಾತು 'ದಾರ್' ಆಗಿ ಜಮೀನ್ದಾರ, ಹವಾಲ್ದಾರ, ತಹಸೀಲ್ದಾರರ ಬೆನ್ನಿಗೆ ನಿಂತಿದೆ. ಚಕ್ರಧರ, ಗಂಗಾಧರರ 'ಧರ'ನಿಗೂ ಜಮೀನ್ದಾರನ 'ದಾರ'ನಿಗೂ ಮೂಲ ಒಂದೇ.

ಹೀಗೆ ಒಂದು ನಿಯಮ ನೂರು ಶಬ್ದಗಳಲ್ಲಿ ಒಂದೇ ರೀತಿ ನಡೆದರೆ ಅದು ಕಾಕತಾಳೀಯವಲ್ಲ, ಸಾಲ ಪಡೆದದ್ದೂ ಅಲ್ಲ. ಜೋನ್ಸ್ ಅವೆಸ್ತಾವನ್ನು ಸಂಸ್ಕೃತದ್ದೇ ಒಂದು ಉಪಭಾಷೆ ಎಂದುಕೊಂಡಿದ್ದ. ರಾಸ್ಕ್ ಮತ್ತು ಪ್ಯಾರಿಸ್ಸಿನ ಬ್ಯುರ್ನೂಫ್ ಆ ತಪ್ಪನ್ನು ತಿದ್ದಿದರು. ಸಂಸ್ಕೃತ ತಾಯಿಯಲ್ಲ, ಅಕ್ಕ. ಫಾರಸಿಯ ಪೂರ್ವಜರೂ ಸಂಸ್ಕೃತವೂ ಅವಕ್ಕಿಂತ ಹಿಂದಿನ ಒಂದೇ ಭಾಷೆಯಿಂದ ಕವಲೊಡೆದವು.

ಬರೆಯುವುದೊಂದು, ಓದುವುದೊಂದು

ಡೇರಿಯಸನ ಭಾಷೆಗೂ ಹತ್ತನೆಯ ಶತಮಾನದ ಕವಿ ಫಿರ್ದೌಸಿಯ ಭಾಷೆಗೂ ನಡುವೆ ಸಾವಿರದೈನೂರು ವರ್ಷಗಳ ಅಂತರ. ಆ ನಡುವೆ ವಿಭಕ್ತಿಗಳು ಕಳಚಿಹೋದವು, ಲಿಂಗಭೇದ ಮರೆಯಾಯಿತು. ಇಂದಿನ ಫಾರಸಿಯಲ್ಲಿ ಅವನೂ 'ಊ', ಅವಳೂ 'ಊ'. ರಾಸ್ಕ್ ಹಿಡಿದ ಆ '-ಆನಾಂ' ಮಾತ್ರ ಸವೆದು '-ಆನ್' ಎಂಬ ಬಹುವಚನ ಪ್ರತ್ಯಯವಾಗಿ ಬದುಕಿದೆ. 'ಶಾಹಾನ್ ಶಾಹ್', ನಾವು ಶಹಂಶಹ ಎನ್ನುವುದು, ಅಕ್ಷರಶಃ ರಾಜರ ರಾಜ.

ನಡುಗಾಲದ ಫಾರಸಿಗೆ ಪಹ್ಲವಿ ಎಂದು ಹೆಸರು. ಅದರ ಲಿಪಿಕಾರರಿಗೆ ಒಂದು ವಿಚಿತ್ರ ಪದ್ಧತಿಯಿತ್ತು. 'ಲಹ್ಮಾ' ಎಂದು ಅರಾಮಿಕ್ ಭಾಷೆಯ ಶಬ್ದವನ್ನು ಬರೆದು, ಓದುವಾಗ ರೊಟ್ಟಿಗೆ ತಮ್ಮ ಭಾಷೆಯಲ್ಲಿರುವ 'ನಾನ್' ಎಂದು ಓದುತ್ತಿದ್ದರು. ನಾವು '7' ಎಂದು ಬರೆದು 'ಏಳು' ಎನ್ನುವುದಿಲ್ಲವೇ, ಹಾಗೆ. ಈ ಗುಟ್ಟು ಮರೆತುಹೋದ ಮೇಲೆ ನಿಘಂಟುಕಾರರು ಮೋಸಹೋದರು. ಹಿಂದೆ ಹೇಳಿದ ಗೋಲ್ಕೊಂಡದ ನಿಘಂಟಿನಲ್ಲಿ ಅರಾಮಿಕ್ ಬರಹದ ತಪ್ಪು ಓದುಗಳೇ ಪ್ರಾಚೀನ ಫಾರಸಿ ಶಬ್ದಗಳಾಗಿ ಸೇರಿಕೊಂಡವು. ಜೊತೆಗೆ 'ದಸಾತೀರ್' ಎಂಬ ಕಟ್ಟುಕಥೆಯ ಧರ್ಮಗ್ರಂಥದ ಸುಳ್ಳು ಶಬ್ದಗಳೂ ಸೇರಿದವು.

1857ರ ದಂಗೆಯ ದಿನಗಳಲ್ಲಿ ದೆಹಲಿಯ ಮನೆಯೊಳಗೆ ಕೂತಿದ್ದ ಕವಿ ಗಾಲಿಬ್, ಕೈಗೆ ಸಿಕ್ಕಿದ ಈ ನಿಘಂಟನ್ನು ಓದುತ್ತ ತಪ್ಪುಗಳನ್ನು ಗುರುತು ಹಾಕಿದ. 1862ರಲ್ಲಿ ಆ ಟೀಕೆಯನ್ನು ಪ್ರಕಟಿಸಿದಾಗ ದೊಡ್ಡ ಗದ್ದಲವೇ ಎದ್ದಿತು. ಆದರೆ ಇಷ್ಟು ಚುರುಕಾದ ಗಾಲಿಬನೇ 'ದಸಾತೀರ್' ನಿಜವೆಂದು ನಂಬಿದ್ದ. ಇರಾನಿನಲ್ಲೂ ಅರಬ್ಬಿ ಬೆರೆಯದ ಶುದ್ಧ ಫಾರಸಿ ಬೇಕೆಂದು ಹೊರಟ ಕೆಲವು ಲೇಖಕರು ಈ ಸುಳ್ಳು ಶಬ್ದಗಳನ್ನೇ ಪ್ರಾಚೀನವೆಂದು ಅಪ್ಪಿಕೊಂಡರು. ಶುದ್ಧಿಯ ಆವೇಶದಲ್ಲಿ ಅಸಲಿಯನ್ನು ಹೊರಗಟ್ಟಿ ನಕಲಿಗೆ ಮಣೆ ಹಾಕಿದಂತಾಯಿತು.

ಪಹ್ಲವಿಯ ನಿಜವಾದ ಉಚ್ಚಾರ ತಿಳಿಯಲು ನೆರವಾದದ್ದು ಮಧ್ಯ ಏಷ್ಯದ ಮರಳು. 1902ರಿಂದ ಜರ್ಮನ್ ತಂಡಗಳು ತುರ್ಫಾನ್ ಓಯಸಿಸ್ಸಿನಲ್ಲಿ ಅಗೆದು ತೆಗೆದ ಮಾನಿ ಮತದ ಹರಕು ಹಾಳೆಗಳಲ್ಲಿ ಅದೇ ಭಾಷೆ, ಅರಾಮಿಕ್ ವೇಷವಿಲ್ಲದೆ, ಆಡಿದಂತೆಯೇ ಬರೆದದ್ದಿತ್ತು. 1904ರಲ್ಲಿ ಬರ್ಲಿನ್ನಿನ ಮ್ಯುಲ್ಲರ್ ಅದನ್ನು ಓದಿದರು. ಹುಡುಕಾಟ ಇನ್ನೂ ಮುಗಿದಿಲ್ಲ. ಹಳೆಯ ಫಾರಸಿ ಬರಿಯ ರಾಜಶಾಸನಗಳ ಭಾಷೆ, ಕಚೇರಿಯ ಲೆಕ್ಕಕ್ಕೆ ಬಳಕೆಯಿರಲಿಲ್ಲ ಎಂದು ಬಹುಕಾಲ ನಂಬಲಾಗಿತ್ತು. ಪರ್ಸೆಪೊಲಿಸ್ಸಿನಲ್ಲಿ 1933ರಲ್ಲಿ ಸಿಕ್ಕಿದ ಸಾವಿರಾರು ಮಣ್ಣಿನ ಹಲಗೆಗಳ ನಡುವೆ ಹಳೆಯ ಫಾರಸಿಯಲ್ಲೇ ಬರೆದ ಒಂದು ಲೆಕ್ಕದ ಹಲಗೆ ಇದೆಯೆಂದು ವಿದ್ವಾಂಸರು 2007ರಲ್ಲಿ ಪ್ರಕಟಿಸಿದರು.

ಯಾರ ಮಾತು ಯಾರದು?

ಜ್ಞಾನ ಬೆಳೆದಂತೆ ಅದರ ದುರುಪಯೋಗವೂ ಬೆಳೆಯಿತು. ಡೇರಿಯಸ್ ತನ್ನನ್ನು 'ಅರಿಯ' ಎಂದು ಕರೆದುಕೊಂಡಿದ್ದಾನೆ. 'ಇರಾನ್' ಎಂಬ ಹೆಸರು ಬಂದದ್ದೂ 'ಆರ್ಯರ' ಎಂಬರ್ಥದ 'ಅರ್ಯಾನಾಂ' ಎಂಬ ರೂಪದಿಂದ. ಮತ್ತೆ ಅದೇ ಷಷ್ಠೀ ಬಹುವಚನ! ಭಾಷೆಗಳ ನಂಟನ್ನು ಹೇಳುವ ಈ ಮಾತನ್ನು ಯುರೋಪಿನ ಕೆಲವರು ರಕ್ತದ ನಂಟೆಂದು ತಿರುಚಿದರು. ಅದರ ಫಲವನ್ನು ಇಪ್ಪತ್ತನೆಯ ಶತಮಾನ ಉಂಡಿತು. ಭಾಷೆ ಚರ್ಮಕ್ಕೆ ಅಂಟಿದ್ದಲ್ಲ, ಮತಕ್ಕೆ ಅಂಟಿದ್ದೂ ಅಲ್ಲ. ಫಾರಸಿಯನ್ನು ಇಂದು ಬರೆಯುವುದು ಅರಬ್ಬಿ ಮೂಲದ ಲಿಪಿಯಲ್ಲಿ. ಆದರೆ ಭಾಷೆ ಅರಬ್ಬಿಯ ಬಂಧುವಲ್ಲ, ಸಂಸ್ಕೃತದ ಬಂಧು. 'ಹಿಂದೂ' ಎಂಬ ಹೆಸರಾದರೂ ಎಲ್ಲಿಯದು? ಸಿಂಧು ನಾಡನ್ನು ಡೇರಿಯಸ್ ತನ್ನ ಶಾಸನಗಳಲ್ಲಿ ಕರೆದದ್ದು 'ಹಿಂದು' ಎಂದು. 'ಸ' ಹೋಗಿ 'ಹ' ಬಂದ ಅದೇ ನಿಯಮ.

ಕನ್ನಡಿಗರಾದ ನಮಗೆ ಈ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಫಾರಸಿಯನ್ನು ಸಂಸ್ಕೃತದ ಕುಟುಂಬಕ್ಕೆ ಸೇರಿಸಿದ ವಿಧಾನವೇ ಕನ್ನಡವನ್ನು ಆ ಕುಟುಂಬದಿಂದ ಬಿಡಿಸಿತು. ಕೈ, ಕಟ್ಟು, ಏಳು, ಬಾಗಿಲು ಇವು ಹಸ್ತ, ಬಂಧ, ಸಪ್ತ, ದ್ವಾರಗಳೊಡನೆ ಯಾವ ನಿಯಮಕ್ಕೂ ಒಗ್ಗುವುದಿಲ್ಲ. ತಮಿಳು, ತೆಲುಗುಗಳೊಡನೆ ಒಗ್ಗುತ್ತವೆ. ಮದರಾಸಿನ ಎಲ್ಲಿಸ್ 1816ರಲ್ಲಿ ಇದನ್ನು ತೋರಿಸಿದ, ಕಾಲ್ಡ್‌ವೆಲ್ 1856ರಲ್ಲಿ ವಿಸ್ತಾರವಾಗಿ ಸಾಧಿಸಿದ. ಆ ದೃಷ್ಟಿಯಿಂದ ಕನ್ನಡದ ಮನೆಗೆ ಸಂಸ್ಕೃತ, ಫಾರಸಿ ಎರಡೂ ನೆಂಟರೇ. ಒಬ್ಬರು ಬಹಳ ಮುಂಚೆ ಬಂದರು, ಇನ್ನೊಬ್ಬರು ಆಮೇಲೆ ಬಂದರು. ಇಬ್ಬರೂ ಒಂದೇ ಮನೆತನದವರೆಂದು ಮನೆಯವರಿಗೆ ಗೊತ್ತಾದದ್ದು ತಡವಾಗಿ, ಅಷ್ಟೆ.

ಆ ಎರಡನೆಯ ಮನೆತನದ ಒಂದು ಮಾತು ಸುಲ್ತಾನರಿಗಿಂತ ಒಂದೂವರೆ ಸಾವಿರ ವರ್ಷಕ್ಕೂ ಮುಂಚೆ ಇಲ್ಲಿಗೆ ತಲುಪಿತ್ತು. ಬರಹಕ್ಕೆ ಡೇರಿಯಸ್ ಬಳಸಿದ ಶಬ್ದ 'ದಿಪಿ'. ಅಶೋಕನ ವಾಯವ್ಯ ಗಡಿಯ ಶಾಸನಗಳಲ್ಲೂ ಅದು 'ದಿಪಿ' ಎಂದೇ ಇದೆ, ಉಳಿದೆಡೆ 'ಲಿಪಿ'. ನಮ್ಮ 'ಲಿಪಿ' ಹಳೆಯ ಫಾರಸಿಯಿಂದ ಬಂದದ್ದೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೊಂದಿದೆ. ಅದನ್ನು ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ಕೊನೆಯಲ್ಲಿ ತನ್ನ ಕಸುಬನ್ನು ಹೇಳುವ 'ಲಿಪಿಕರೇಣ' ಎಂಬ ಒಂದೇ ಶಬ್ದವನ್ನು ಆತ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಪರ್ಷಿಯದ ಅರಸರ ಆಡಳಿತದ ನೆರಳಿನಲ್ಲಿ, ಅರಾಮಿಕ್ ಬರಹದಿಂದ ವಾಯವ್ಯದಲ್ಲಿ ಹುಟ್ಟಿದ ಲಿಪಿ.

ದೂರದ ನಾಡಿನ ಒಂದು ಶಬ್ದ, ದೂರದ ನಾಡಿನ ಅಕ್ಷರಗಳಲ್ಲೇ, ಕನ್ನಡ ನಾಡಿನ ಬಂಡೆಯ ಮೇಲೆ ಕೂತು 2200 ವರ್ಷಗಳು ಮೀರಿದವು. ಈಗ ಅದನ್ನು ಪರಕೀಯವೆಂದು ಅಳಿಸಹೊರಟರೆ, ಅಳಿಸಿದ್ದೇವೆಂದು ಬರೆದಿಡಲು ನಮಗೆ 'ಲಿಪಿ' ಎಂಬ ಮಾತೇ ಉಳಿಯುವುದಿಲ್ಲ.